ನೀಲಿ ಗಾಡಿಯ ಬಾಗಿಲು

ಶಹಾಪುರ
ತಾ. 9-2-2019, ಶನಿವಾರ

ನಮ್ಮ ಮೌನಮ್ಮನ ಅಪ್ಪಾರಿಗಿ,

ನಿಮ್ಮ ಮರಿಲಿಂಗಮ್ಮನ ಜೈಭೀಮ್. ಕೆಮ್ಮು ಕಡಿಮಿ ಆಗ್ಯಾದೇನ್ರಿ? ಹೋದ ಮುಲಾಖತ್‌ನ್ಯಾಗ ಜಾಳಗಿ ಆಚಿಗಿ ನಿಂತು ಒಂದೊಂದು ಮಾತಿಗೂ ಕೆಮ್ಮತಿದ್ರಿ. ಕೇಳಿದ್ರ ‘ಏನಿಲ್ಲ, ಧೂಳು’ ಅಂದ್ರಿ. ಜೈಲಿನೊಳಗ ಕುಂತವರಿಗಿ ಎಲ್ಲಿ ಧೂಳ್ರಿ? ಡಾಕ್ಟರಿಗಿ ತೋರಸ್ರಿ ಅಂತ ಬಾಯಿ ಬಿಟ್ಟು ಕೇಳ್ರಿ. ಸಾಲಿ ತುಂಬ ಹುಡುಗರ ಮುಂದ ನಿಂತು ಮಾತಾಡೋ ಮಾಸ್ತರು ನೀವು, ನಿಮಗ ನಾಚಿಕಿ ಯಾಕ? ಮಗಳು ಆರಾಮ ಅದಾಳ. ಇಲ್ಲೇ ಸಾಲಿಗಿ ಹಚ್ಚೀನಿ. ‘ನಮ್ಮಪ್ಪ ಟ್ರೇನಿಂಗಿಗಿ ಹೋಗ್ಯಾರ’ ಅಂತ ಗೆಳತ್ಯಾರ ಮುಂದ ಹೇಳ್ಯಾಳಂತ. ನಾ ಕಲಿಸಿದ್ದಲ್ಲ, ತಾನೇ ಹೇಳ್ಯಾಳ. ಅದು ಕಿವಿಗಿ ಬಿದ್ದಾಗ ನಾ ಒಳಗ ಹೋಗಿ ಬಾಗಲಾ ಹಾಕ್ಕೊಂಡೆ.

ಈ ಖೋಲಿ ಸಣ್ಣದದ, ಆದ್ರ ಮನಿ ಮಾಲಕಿ ಚಮನಬೀ ಭಾಳ ಚಲೋ ಹೆಂಗಸು. ನಮ್ಮ ಕಥಿ ಎಲ್ಲಾ ಗೊತ್ತದ ಆಕಿಗಿ, ಆದ್ರೂ ಒಂದು ದಿನ ಕೆದಕಿ ಕೇಳಿಲ್ಲ. ಊರಿಗಿ ನಾವು ಹೊಳ್ಳಿ ಹೋಗಿಲ್ಲ. ನೀವು ಒಳಗ ಹೋದ ಮ್ಯಾಲ ಗಿರಣಿಯವ ಹಿಟ್ಟು ಬೀಸಿಕೊಡಂಗಿಲ್ಲ ಅಂದ, ಕಾಲುವಿ ನೀರು ನಮ್ಮ ಹೊಲದ ಕಡಿ ತಿರುಗಲಿಲ್ಲ, ನಿಂತ ಹತ್ತಿ ಹಂಗೇ ಒಣಗಿ ಹೋಯ್ತು. ಇರಲಿ. ನಮ್ಮ ನೀಲಿ ಕಾರು ಗಾಡಿ ಮಾತ್ರ ಊರಾಗ ಬಿಡಬಾರದಂತ ನಿಮ್ಮ ಗೆಳೆಯ ಭಾಗಣ್ಣ ಮಾಸ್ತರು ಹೊಡಕೊಂಡು ಬಂದು, ಚಮನಬೀ ಅಂಗಳದಾಗ ಬೇವಿನ ಗಿಡದ ನೆರಳಿಗಿ ನಿಲ್ಲಿಸಿ, ಮ್ಯಾಲ ತಾಡಪತ್ರಿ ಹೊಚ್ಚಿ ಹೋಗ್ಯಾರ.

ಆ ಗಾಡಿ ಸುದ್ದೀನೇ ಬರೀಬೇಕಂತ ಕುಂತೀನಿ. ಆವತ್ತು ನಡದದ್ದು ನಿಮಗ ನಾ ಹೇಳಬೇಕಿಲ್ಲ. ನಮ್ಮ ಓಣಿಯವರ ಗಾಡಿ ಊರ ಅಗಸಿ ಬಾಗಲಾದೊಳಗಿಂದ ಬರಬಾರದು, ಕಾಲುವಿ ದಂಡಿ ಹಿಡದು ಸುತ್ತಿ ಬರಬೇಕಂತ ಊರ ದೊಡ್ಡವರ ಕಟ್ಟಳಿ. ನಿಮ್ಮಪ್ಪಗ ಉಸಿರು ಕಟ್ಟಿ ಕಣ್ಣು ಮ್ಯಾಲಾದ ದಿನ ನೀವು ಸುತ್ತಿ ಹೋಗಲಿಲ್ಲ, ಅಗಸಿಯೊಳಗಿಂದಲೇ ದವಾಖಾನಿಗಿ ಹೊಡಕೊಂಡು ಹೋದ್ರಿ. ಮಾವ ಉಳದ್ರು. ಮರುದಿನ ಮುಂಜಾನಿ ನೋಡಿದ್ರ, ಗಾಡಿಗಿ ಕಾಲುವಿ ಉಸುಕು ಹಚ್ಚಿ ಗೋಣಿಚೀಲದಿಂದ ಬೋಗಾಣಿ ತಿಕ್ಕಿದಂಗ ಸುತ್ತ ತಿಕ್ಕಿದ್ರು. ಎಡಗಡಿ ಬಾಗಲಾ ಮ್ಯಾಲ ನಮ್ಮ ಜಾತಿ ಎತ್ತಿ ಬೈಯೋ ಮಾತು ಮೊಳಿಯಿಂದ ಕೆತ್ತಿದ್ರು. ಅದನ್ನ ನೀವು ಓದೂದು ನೋಡಿ, ‘ನಾನೇ ಬರದೀನಿ, ಏನ್ ಮಾಡ್ಕೋತಿ’ ಅಂತ ನಕ್ಕ ದೊಡ್ಡಮನಿ ಹುಡುಗನ ಮ್ಯಾಲ ನೀವು ಕೈ ಮಾಡಿದ್ರಿ. ಅವನ ಕೈ ಮುರೀತು. ನೀವು ಒಳಗ ಹೋದ್ರಿ. ಗಾಡಿ ಬಗ್ಗೆ ನಾವು ಪೊಲೀಸರಿಗಿ ಕೊಟ್ಟ ತಕರಾರು ಕೇಳವರಿಲ್ಲದ ಹಂಗೇ ಬಿದ್ದದ. ಬಾಗಲಾ ಮ್ಯಾಲ ಏನು ಬರದಾರಂತ ಮಾವಗ ಮಾತ್ರ ನಾವ್ಯಾರೂ ಹೇಳಿರಲಿಲ್ಲ. ಅವರಿಗಿ ಓದಾಕ ಬರಂಗಿಲ್ಲ. ‘ಗೀರಿದಾರ’ ಅಂದಿದ್ವಿ, ಅಷ್ಟೇ.

ಹೋದ ವಾರ ನಮ್ಮ ಓಣಿ ಮೆಂಬರು ಅಂಬ್ರಪ್ಪ ಬಂದಿದ್ದ. ದೊಡ್ಡಮನಿಯವರ ಕಡಿಯಿಂದ ರಾಜಿ ಮಾತು ತಂದಿದ್ದ. ‘ನೀವು ಗಾಡಿ ತಕರಾರು ಬಿಡ್ರಿ. ಹುಡುಗ ಕಟ್ಟಿ ಮ್ಯಾಲಿಂದ ಬಿದ್ದು ಕೈ ಮುರಕೊಂಡಾನ ಅಂತ ಅವರು ಹೇಳ್ತಾರ. ಯುಗಾದಿಗಿ ನಿಮ್ಮ ಯಂಕಣ್ಣ ಮನಿಯಾಗಿರತಾನ. ಇನ್ನ ಮ್ಯಾಲ ಮೊದಲಿನಂಗ ಕಾಲುವಿ ಹಾದಿ ಹಿಡದು ಬಂದ್ರ ಎಲ್ಲಾ ಬರಾಬರ್ ಆಗತದ. ಗಾಡಿ ಉಜ್ಜಿ ಚಂದ ಮಾಡಿ ಇಡ್ರಿ, ಕಣ್ಣಿಗಿ ಬಿದ್ರ ಮತ್ತ ಮನಸು ಕೆಡತದ’ ಅಂದ. ಮಾವ ತಲಿ ಹಾಕಿದ್ರು. ನಾನೂ ಹೂಂ ಅಂದೆ. ನಿಮ್ಮ ಕೆಮ್ಮು ಕೇಳಿ ಬಂದಾಕಿ, ನನಗ ಬ್ಯಾರೆ ಏನೂ ಕಾಣಲಿಲ್ಲ.

ಮರುದಿನ ಮುಂಜಾನಿ ಮಾವ ತಾಡಪತ್ರಿ ಅರ್ಧ ಸರಿಸಿ, ನೀವು ಡಿಕ್ಕಿಯಾಗ ಇಟ್ಟ ಪಾಲಿಶ್ ಬಾಟ್ಲಿ, ಸ್ಪಂಜು ಎಲ್ಲಾ ತಗದು ಕುಂತಿದ್ರು. ಗಾಡಿ ತಂದ ದಿನ ಬಿಸಿಲಾಗ ಜ್ಯಾಡರ ಬಲಿ ಹಂಗ ಕಾಣೋ ಸುತ್ತು ಗೀರು ತೋರಿಸಿ ನೀವು ನನಗ ಪಾಠ ಮಾಡಿದ್ರಲ್ಲ, ಹಳೇ ಮಾಲಕ ಒಣ ಅರಬಿಲೆ ಧೂಳು ವರಸಿ ವರಸಿ ಹಿಂಗ ಮಾಡ್ಯಾನ ಅಂತ? ಅದೆಲ್ಲಾ ನೆನಪು ಮಾಡ್ಕೊಂಡು ನಾನೂ ಸೆರಗು ಕಟ್ಟಿದೆ. ಒಂದು ಬಕೆಟಿನಾಗ ಶಾಂಪು ನೀರು, ಇನ್ನೊಂದರಾಗ ಅರಬಿ ಜಾಲಸಾಕ ಬರೀ ನೀರು. ಮೊದಲು ಮ್ಯಾಲಿಂದ ನೀರು ಸುರುವಿ ಉಸುಕು ಪೂರಾ ಹೋಗೂತನಕ ಕೈ ಹಚ್ಚಲಿಲ್ಲ. ಒರಸಿ ಒಣಗಿಸಿ, ಪಾಲಿಶ್ ತಾಗಬಾರದಂತ ಕಿಡಕಿ ಅಂಚಿನ ರಬ್ಬರಿಗಿ ಅಂಟು ಟೇಪು ಹಚ್ಚಿ, ಸ್ಪಂಜಿಗಿ ಕಡ್ಲಿ ಕಾಳಿನಷ್ಟು ಪಾಲಿಶ್ ಹಾಕಿ, ಅಂಗೈ ಅಗಲ ಜಾಗ ಹಿಡದು ಉದ್ದಕ ಒಮ್ಮಿ, ಅಡ್ಡಕ ಒಮ್ಮಿ ಉಜ್ಜೂದು. ಮಾವ ಎಮ್ಮಿ ಮೈ ತಿಕ್ಕಿದಂಗ ಜೋರು ಹಾಕತಿದ್ರು. ‘ಹಗೂರಕ್ಕ ಮಾವ, ಬಣ್ಣಾನೇ ಹೋದೀತು’ ಅಂದ್ರ, ‘ಕಾಲುವಿ ತೋಡಾಗ ಮಣ್ಣು ಹೊತ್ತ ಕೈ ಇವು ಎವ್ವಾ, ಹಗೂರ ಅನ್ನೂದು ಗೊತ್ತಿಲ್ಲ ಇವಕ್ಕ’ ಅಂದ್ರು. ಮಧ್ಯಾಹ್ನಕ್ಕ ಬಾನೆಟ್ ಮ್ಯಾಲಿನ ಬಲಿ ಹಗೂರಕ ಕರಗಿತು. ಆಳ ಗೀರು ಉಳದಾವ, ಸಣ್ಣವು ಭಾಳಷ್ಟು ಹೋಗ್ಯಾವ. ಬೇವಿನ ಟೊಂಗಿ ಅದರಾಗ ಕಾಣಾಕ ಹತ್ತಿತು. ಮಾವ ಬಗ್ಗಿ ತಮ್ಮ ಮುಖಾನೂ ನೋಡ್ಕೊಂಡು, ‘ನನ್ನ ಮಗ ಬಂದು ನೋಡ್ಲಿ’ ಅಂತ ನಕ್ರು. ನೀವು ಹೋದ ಮ್ಯಾಲ ಅವರು ನಕ್ಕದ್ದು ಅದೊಂದೇ ಸಲ.

ಚಹಾ ಕುಡದು ಎದ್ದು ಎಡಗಡಿ ಬಾಗಲಾಕ ಬಂದ್ರು. ನಾ ‘ಅದು ಇರ್ಲಿ ಬಿಡ್ರಿ ಮಾವ, ಅದು ಹೋಗಂಗಿಲ್ಲ’ ಅಂದೆ. ಅವರು ಕೇಳಲಿಲ್ಲ, ತಾಡಪತ್ರಿ ಎತ್ತಿ ಬೆರಳು ಆಡಿಸಿದ್ರು. ಉಗುರು ಸಿಕ್ಕಿ ಸಿಕ್ಕಿ ನಿಲ್ಲತಿತ್ತು. ಅದರ ಹಿಂದೇ ಬೆರಳು ಹೋಯ್ತು, ಸುತ್ತಿತು, ಇಳೀತು, ಮತ್ತ ಏರಿತು. ‘ಗೀರು ಹಿಂಗ ಸಾಲಾಗಿರತಾವೇನವ್ವಾ?’ ಅಂದ್ರು. ನಾ ತಾಡಪತ್ರಿ ಮತ್ತ ಇಳಿಸಾಕ ಹೋದೆ. ‘ಅಂಗನವಾಡಿಯಾಗ ಕೂಸುಗಳಿಗಿ ಅಕ್ಷರ ಕಲಸಾಕಿ ನೀ. ಓದು’ ಅಂದ್ರು.

ಓದಿದೆ. ನನ್ನ ಬಾಯಿಲೆ ಮಾವಗ ನಾ ಆ ಮಾತು ಅಂದೆ. ಇಲ್ಲಿ ಬರಿಯಾಕ ನನಗ ಆಗಂಗಿಲ್ಲ.

ಅವರು ಗಾಡಿಗಿ ಬೆನ್ನು ಹಚ್ಚಿ ನೆಲದ ಮ್ಯಾಲೇ ಕುಂತ್ರು. ‘ಬಾಯಿಲೆ ಭಾಳ ಸಲ ಅನಿಸ್ಕೊಂಡೀನಿ. ಬರದ್ರ ಹಿಂಗಿರತದಂತ ಗೊತ್ತಿರಲಿಲ್ಲ’ ಅಂದ್ರು. ಆಮ್ಯಾಲ, ‘ಇದಕ್ಕೇನು ಅವಾ ಕೈ ಎತ್ತಿದ್ದು?’ ಅಂತ ಕೇಳಿದ್ರು. ಹೌದ್ರಿ ಅಂದೆ. ‘ನನಗ ಯಾಕ ಹೇಳಲಿಲ್ಲ? ಸಿಟ್ಟಿನಾಗ ಬದುಕು ಹಾಳು ಮಾಡ್ಕೊಂಡ ಅಂತ ನಾ ದಿನಾ ಅವನ್ನ ಬೈತಿದ್ದೆ’ ಅಂದ್ರು.

ಮೊನ್ನಿ ಅಂಬ್ರಪ್ಪ ರಾಜಿ ಕಾಗದ ತಂದ. ಮಾವ ಹೆಬ್ಬೆಟ್ಟು ಒತ್ತಲಿಲ್ಲ. ‘ಉಜ್ಜಿದ್ರ ಹೋಗೂದು ಉಜ್ಜೀನಿ. ಹೋಗದದ್ದನ್ನ ಜಡ್ಜ್ ಸಾಹೇಬರು ಓದ್ಲಿ’ ಅಂದ್ರು. ‘ಮಗನ್ನ ಒಳಗ ಕೊಳಸ್ತಿಯೇನೋ ದ್ಯಾವಪ್ಪ?’ ಅಂತ ಅಂವ ಅಂಗಳ ತುಂಬ ಚೀರಿ ಹೋದ. ಅಂವ ಹೋದ ಮ್ಯಾಲ ನಾನೂ ಬಿಡಲಿಲ್ಲ. ‘ಒಂದು ಅಕ್ಷರಕ್ಕಿಂತ ನಿಮ್ಮ ಮಗ ಕಡಿಮಿ ಅದಾರೇನು? ನನ್ನ ಮಗಳಿಗಿ ಅಪ್ಪ ಬ್ಯಾಡೇನು?’ ಅಂತ ಬಾಯಿಗಿ ಬಂದದ್ದೆಲ್ಲಾ ಅಂದೆ. ಮಾವ ಎದ್ದು ಗಾಡಿ ಹಿಂದಿನ ಸೀಟಿನಾಗ ಹೋಗಿ ಕುಂತು ಟವಲ್ ಬಾಯಿಗಿ ಒತ್ತಿಕೊಂಡು ಅತ್ರು. ಚಮನಬೀ ರೊಟ್ಟಿ ಹಿಡಕೊಂಡು ಹೋದ್ರೂ ಇಳೀಲಿಲ್ಲ. ನಿನ್ನಿ ಮುಂಜಾನಿ ತಾವೇ ಬಂದು ನನ್ನ ಮುಂದ ಕುಂತು, ‘ಎವ್ವಾ, ಆ ಕಾಲುವಿ ಮಣ್ಣು ನಾ ಹೊತ್ತೀನಿ. ನನ್ನ ಜೀವ ಉಳಸಾಕ ಅವಾ ಒಮ್ಮಿ ಅಗಸಿ ದಾಟ್ಯಾನ. ಈಗ ಹೊರಗ ಬಂದು ತಲಿ ಬಗ್ಗಿಸಿ ಮತ್ತ ಆ ಕಾಲುವಿ ದಂಡಿ ಸುತ್ತಿ ಬಾ ಅಂತ ನಾ ಹ್ಯಾಂಗ ಹೇಳಲಿ?’ ಅಂದ್ರು. ನಾ ಎದ್ದು ವಕೀಲರಿಗಿ ಫೋನ್ ಹಚ್ಚಿದೆ.

ವಕೀಲರು ಜಾಮೀನಿಗಿ ಮತ್ತೊಮ್ಮಿ ಅರ್ಜಿ ಹಾಕತೀನಿ, ಸಿಕ್ಕೇ ಸಿಗತದ ಅಂತ ಹೇಳಂಗಿಲ್ಲ ಅಂದಾರ. ಬಾಗಲಾದ ಫೋಟೋ ಹೊಡಕೊಂಡು ಹೋಗ್ಯಾರ. ಹೊತ್ತಿಗಿ ಸರಿಯಾಗಿ ಉಣ್ರಿ. ಮಾವ ನಿಮ್ಮ ತಲಿ ಮ್ಯಾಲ ಕೈ ಇಟ್ಟೀನಿ ಅಂತ ಬರಿ ಅಂದಾರ. ಮೌನಮ್ಮನ ಮುತ್ತು.

ನಿಮ್ಮಾಕಿ,
ಮರಿಲಿಂಗಮ್ಮ

ಮರತಿದ್ದೆ, ಈ ಕಾಗದ ಒಯ್ಯಾಕ ವಕೀಲರು ಹೊರಗ ಕಾಯಾಕತ್ತಾರ, ಜಲ್ದಿ ಬರೀತೀನಿ: ಬುಧವಾರ ಅಂಬ್ರಪ್ಪ ಜೈಲಿಗೇ ಬರತಾನಂತ, ಆ ರಾಜಿ ಕಾಗದಕ್ಕ ನಿಮ್ಮ ಸಹಿ ತಗೋಳಾಕ. ಮಾವ ಒಪ್ಪ್ಯಾರ ಅಂತ ಹೇಳತಾನ, ನಂಬಬ್ಯಾಡ್ರಿ. ಒಳಗ ಇರೂದು ನೀವು, ಹೊರಗ ಕುಂತು ಹೇಳೂದು ನಾನು, ಅದು ನನಗ ಗೊತ್ತದ. ಜೀವಕ್ಕ ಆಗಂಗಿಲ್ಲ ಅನಿಸಿದ್ರ ಸಹಿ ಮಾಡಿ ಬಂದುಬಿಡ್ರಿ, ನಾನಾಗಲಿ ಮಾವಾಗಲಿ ಒಂದು ಮಾತೂ ಅನ್ನಂಗಿಲ್ಲ. ಆದ್ರ ನನ್ನ ಕೇಳಿದ್ರ, ಸಹಿ ಮಾಡಬ್ಯಾಡ್ರಿ.