ರಾಡಾರ್ ಲೈಟಿಗೆ ಚೆಂಡ ಹೂವಿನ ಹಾರ

ಸಂಪಗಾಂವ
19-11-2023, ರವಿವಾರ

ಪ್ರೀತಿಯ ಮಗಳು ಪ್ರಣಿತಾಗ,

ಅಪ್ಪನ ತುಂಬು ಮನಸ್ಸಿನ ಆಶೀರ್ವಾದ. ವಿಜಯಪುರದಾಗ ಥಂಡಿ ಬಿದ್ದೈತೇನವಾ? ಮುಂಜಾನೆ ಐದಕ್ಕ ಹುಡುಗ್ಯಾರನ್ನ ಕರಕೊಂಡು ಸೈಕಲ್ ಪ್ರ್ಯಾಕ್ಟೀಸಿಗೆ ಹೊಂಟಾಗ ಸ್ವೆಟರ್ ಹಾಕ್ಕೋ. ಆ ಮೊಣಕಾಲು ಈಗ ಹೆಂಗೈತಿ? ಕೋಚ್ ಆದೆ ಅಂತ ಎಣ್ಣಿ ಹಚ್ಚೂದು ಬಿಟ್ಟೀಯೇನು ಮತ್ತ! ಇಲ್ಲಿ ನಾವಿಬ್ಬರೂ ಆರಾಮ ಅದೇವಿ. ನಿಮ್ಮವ್ವ ಕೃಷ್ಣವ್ವ ದೀಪಾವಳಿ ಕರ್ಚಿಕಾಯಿ ನಿನಗಂತ ಡಬ್ಬಿ ತುಂಬಿ ಇಟ್ಟಾಳ; ನಾ ಮುಟ್ಟಿದ್ರ ಕೈ ಮ್ಯಾಲ ಬಾರಸ್ತಾಳ.

ಮೊನ್ನೆ ಫೋನ್ ಮಾಡಿದಾಗ ನಿಮ್ಮವ್ವನ ಮುಂದ ಹೇಳಿದ್ಯಲ್ಲ, ಅಪ್ಪನ ಸೈಕಲ್ಲಿನ ರಾಡಾರ್ ಲೈಟ್ ಹಳೇದಾತು, ಹೊಸಾದು ಬಂದೈತಿ, ಅದರಾಗ ಕ್ಯಾಮೆರಾನೂ ಐತಿ, ಇನ್ನೂ ದೂರದ ಗಾಡಿ ಹಿಡೀತೈತಿ, ಅಪ್ಪ ಹೂಂ ಅಂದ್ರ ಇದೇ ವಾರ ತರಿಸ್ತೇನಿ ಅಂತ. ಅದಕ್ಕ ಉತ್ತರ ಬರಿಯಾಕ ಕುಂತೇನಿ. ಮೊದಲು ಹಳೇದರ ಉಪಕಾರ ಹೇಳಬೇಕು. ನೀ ರೇಸ್ ಹೊಡೀವಾಗ ನಿನ್ನ ಸೈಕಲ್ಲಿಗಿದ್ದ ಲೈಟ್ ಅದು. ಎರಡು ವರ್ಷದ ಹಿಂದ ನನ್ನ ಸೈಕಲ್ಲಿನ ಹಿಂದ ನೀ ಅದನ್ನ ಕಟ್ಟಿದಾಗ ಗಿರಣಿ ಮಂದೆಲ್ಲಾ ನಕ್ಕರು, ಶಟ್ಟೆಪ್ಪ ವಿಮಾನ ಹಾರಸ್ತಾನೇನು ಅಂತ. ನಗಲಿ, ಅವರಪ್ಪನ ಗಂಟೇನು ಹೋತು? ಬೈಲಹೊಂಗಲದ ಹಿಟ್ಟಿನ ಗಿರಣಿಗೆ ದಿನಾ ಹೋಗಿ ಬರೂ ದಾರಿ, ಕಬ್ಬಿನ ಸೀಜನ್ ಶುರುವಾತಂದ್ರ ಡಬ್ಬಲ್ ಟ್ರಾಲಿ ಟ್ರ್ಯಾಕ್ಟರ್ ಒಂದರ ಹಿಂದ ಒಂದು. ಹಿಂದ ಗಾಡಿ ಬಂತಂದ್ರ ಆ ಲೈಟಿಗೆ ಗೊತ್ತಾಗಿ ಹ್ಯಾಂಡಲ್ ಮ್ಯಾಲಿನ ಸಣ್ಣ ಪರದೆಯೊಳಗ ಚುಕ್ಕಿ ಮೂಡತೈತಿ, ಸನೇಕ ಬಂದಂಗ ಮ್ಯಾಲ ಏರತೈತಿ. ಚುಕ್ಕಿ ಕಂಡ ಕೂಡ್ಲೇ ನಾ ಡಾಂಬರ್ ಬಿಟ್ಟು ಮಣ್ಣಿಗಿಳೀತೇನಿ. ಎಷ್ಟು ಸಲ ಜೀವ ಉಳಿಸೇತೋ ದೇವರಿಗೇ ಗೊತ್ತು. ನಿನ್ನಂಥಾ ಮಗಳನ್ನ ಪಡದದ್ದು ನನ್ನ ಪುಣ್ಯ ಅಂತ ದಿನಾ ಅನಕೊಂತೇನಿ, ಒಮ್ಮೆನೂ ನಿನ್ನ ಮುಂದ ಹೇಳಿಲ್ಲ, ಇವತ್ತ ಹೇಳೇನಿ.

ಇನ್ನ ನಡದದ್ದು ಕೇಳು. ಪಾಡ್ಯದ ದಿನ ನಿಮ್ಮವ್ವ ಸೈಕಲ್ ತೊಳದು, ಅರಿಷಿಣ-ಕುಂಕುಮ ಹಚ್ಚಿ, ಇಷ್ಟು ದಪ್ಪನ ಚೆಂಡ ಹೂವಿನ ಹಾರ ಹಾಕಿದ್ಲು. ಹ್ಯಾಂಡಲ್ಲಿಗೆ ಅಲ್ಲ, ಆ ಲೈಟಿಗೆ! ನನ್ನ ಗಂಡನ್ನ ಕಾಯೂ ದೇವರು ಇದು, ಹಾರ ಇದಕ್ಕೇ ಸಲ್ಲಬೇಕು ಅಂದ್ಲು. ಪೂಜಿ ಹಾರ ತಾನಾಗಿ ಉದುರೂ ತನಕ ತಗೀಬಾರದಲ್ಲ, ಹಂಗೇ ಬಿಟ್ಟೆ. ಮರುದಿನ ಗಿರಣಿಗೆ ಹೊಂಟ್ರ ಪರದೆಯೊಳಗ ಒಂದೂ ಚುಕ್ಕಿ ಇಲ್ಲ. ಹಬ್ಬದ ಮರುದಿನ, ಗಾಡಿ ಕಡಿಮಿ ಇರಬೇಕು ಅಂತ ರಾಜಾನಂಗ ನಡೂ ರಸ್ತೇದಾಗ ಹೊಂಟಿದ್ದೆ. ಒಮ್ಮಿಂದೊಮ್ಮೆಲೆ ಟ್ರಾಲಿಯಿಂದ ಚಾಚಿದ ಕಬ್ಬು ನನ್ನ ತೋಳು ಸವರಿಕೊಂಡು ಹೋತು. ನೋಡತೇನಿ, ಟ್ರ್ಯಾಕ್ಟರ್ ನನ್ನ ತಪ್ಪಿಸಾಕ ಹೋಗಿ ಹೊಲಕ್ಕ ಇಳದು ನಿಂತೈತಿ, ಅರ್ಧ ಲೋಡ್ ನೆಲದ ಪಾಲು. ಡ್ರೈವರ್ ಸಾಲಹಳ್ಳಿಯಾವ, ಗೌತಮ ಅಂತ. ಇಳದು ಓಡಿ ಬಂದು ಮೊದಲು ನನ್ನ ಕೈಕಾಲು ಮುಟ್ಟಿ ನೋಡಿದ, ಆಮ್ಯಾಲೆ ಬೈದ. ಬೈಯಲಿ, ಅವನ ಹೊಟ್ಟಿ ತಣ್ಣಗಿರಲಿ, ಲೋಡ್ ಹೋದರೂ ನನ್ನ ಉಳಿಸಿದ.

ಮನಿಗೆ ಬಂದು ನಾ ಏನಂದೆ? ಲೈಟಿಗೆ ಮುಪ್ಪು ಬಂದೈತಿ ಅಂದೆ. ಅದನ್ನೇ ನಿಮ್ಮವ್ವ ಅಳಕೋತ ನಿನಗ ಹೇಳಿದ್ಲು. ಶುಕ್ರವಾರ ಹಾರ ಒಣಗಿ ಉದುರಿತು. ಚುಕ್ಕಿ ಮೊದಲಿನಂಗ ಬಂದವು. ಲೈಟಿನ ಮಾರಿಗೆ ಹೂವು ಮುಚ್ಚಿ ಲೈಟಿಗೇ ಬೈದೆ ನಾನು, ಕುಣಿಯಲಾರದಾಕಿ ನೆಲ ಡೊಂಕು ಅಂದಂಗ. ನಿಮ್ಮವ್ವನ ಮುಂದ ಇದನ್ನ ಬಾಯಿ ಬಿಡಬ್ಯಾಡ. ತನ್ನ ಹಾರದಿಂದ ಹಿಂಗಾತಂದ್ರ ಆ ಜೀವ ಊಟ ಬಿಡತೈತಿ. ಹೊಸಾ ಲೈಟ್ ನನಗ ಬ್ಯಾಡ, ಹಳೇದು ಗಟ್ಟಿ ಐತಿ. ತರಿಸೂದೇ ಇದ್ರ ನಿನ್ನ ಹುಡುಗ್ಯಾರೊಳಗ ಯಾರಿಗಾರ ಕಟ್ಟು, ಪಾಪ, ಹೈವೇ ಮ್ಯಾಲ ಓಡಸೂ ಮಕ್ಕಳು.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಾ ಮಕ್ಕಳಿಗೂ ಈ ಅಜ್ಜನ ಆಶೀರ್ವಾದ ಮುಟ್ಟಿಸು.

ನಿನ್ನ ಅಪ್ಪ,
ಶಟ್ಟೆಪ್ಪ

ತಾ.ಕ.: ಲಕೋಟಿ ಅಂಟಸಾಕ ಹತ್ತಿದ್ದೆ, ಜೀವ ತಡೀವಲ್ದು. ಆ ಗೌತಮ ಅರ್ಧ ಮೈಲಿಯಿಂದ ಹಾರ್ನ್ ಹೊಡಕೋತ ಬಂದಿದ್ದನಂತ. ನನಗ ಏನೂ ಕೇಳಿಸಿಲ್ಲ. ಮೂವತ್ತು ವರ್ಷ ಗಿರಣಿ ಸಪ್ಪಳದಾಗ ನಿಂತು ನನ್ನ ಕಿವಿ ಹೋಗ್ಯಾವ ಮಗಳ. ಗಿರಣ್ಯಾಗ ಎಲ್ಲಾರೂ ಒದರಿ ಮಾತಾಡತಾರ, ಹಿಂಗಾಗಿ ಯಾರಿಗೂ ಗೊತ್ತಾಗಿಲ್ಲ, ನಿಮ್ಮವ್ವಗೂ. ಹೋದ ತಿಂಗಳ ಯಾರಿಗೂ ಹೇಳದ ಬೆಳಗಾವಿಗೆ ಕಿವಿ ಡಾಕ್ಟರ್ ಕಡೆ ಒಬ್ಬನೇ ಹೋಗಿದ್ದೆ. ಸಂಜಿತನಕ ಅಲ್ಲಿನ ಬೆಂಚಿನ ಮ್ಯಾಲ ಕುಂತು ಹೊಳ್ಳಿ ಬಂದೆ. ನನ್ನ ಹೆಸರು ಯಾವಾಗ ಕರದರೋ, ನನಗ ಗೊತ್ತಾಗಲಿಲ್ಲ. ಒಂದು ದಿನ ರಜಾ ತಗೊಂಡು ಬಾರವಾ, ನನ್ನ ಬಾಜೂಕ ಕುಂದ್ರು.