ಬೀಸುಕಲ್ಲಿನ ಹನ್ನೊಂದನೆಯ ಕುಸ್ತಿ

ಕಣವರ್ಷ ೧೬೩, ಏಳನೆಯ ತಿಂಗಳ ಮೂವತ್ತೆರಡನೆಯ ತಾರೀಖು
ಏಳನೆಯ ನೆರಳುಬೀದಿ, ಹುಬ್ಬಳ್ಳಿ

ಶ್ರೀಮತಿ ಕಸ್ತೂರಿ ಪತ್ತಾರ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿದು ಹಾಕಬೇಡಿ. ನಮ್ಮ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಮಿಕ್ಕ ಐದು ದಿನ ಇಡೀ ಊರು ಮಲಗಿರುತ್ತದೆ. ವಾರಗಳನ್ನು ಬದಲಿಸಲು ಮಾತ್ರ ಯಾರೂ ಒಪ್ಪಲಿಲ್ಲ, ಹಾಗಾಗಿ ಶನಿವಾರ ಇನ್ನೂ ಶನಿವಾರವೇ. ಕಣವರ್ಷ ಎಂದರೆ ನಿಮ್ಮ ಕುಸ್ತಿಯಂತ್ರ ಬೀಸುಕಲ್ಲು ಮೊದಲ ಕುಸ್ತಿ ಆಡಿದ ದಿನದಿಂದ ಎಣಿಸಿದ ವರ್ಷ. ಹೌದು, ಮೂವತ್ತು ಕಿಲೋದ ಆ ತಗಡಿನ ಪೆಟ್ಟಿಗೆಯಿಂದ ನಾವು ಕಾಲ ಎಣಿಸುತ್ತೇವೆ. ನಕ್ಕುಬಿಡಿ, ಆಮೇಲೆ ಓದಿ.

ನನ್ನ ಭಾಷೆಯ ಬಗ್ಗೆಯೂ ಕ್ಷಮೆ ಕೇಳಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಮದುವೆಯ ಕರೆಯೋಲೆ, ಪಂಪ್‌ಸೆಟ್ಟಿನ ಕ್ಯಾಟಲಾಗು ಮತ್ತು ಐಟಿಐ ಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಂದ ಕಲಿತವಳು. ಎಲ್ಲಾದರೂ ಈ ಕಾಗದ ನಿಮ್ಮನ್ನು ಸಕುಟುಂಬ ಸಪರಿವಾರ ಬರಲು ಕೇಳಿಕೊಂಡರೆ ಅದನ್ನು ಬಿಟ್ಟು ಮುಂದೆ ಓದಿ. ನನ್ನ ಹೆಸರು ಚಂಪಕಾ. ಹುಬ್ಬಳ್ಳಿಯ ಕಣಮನೆಯಲ್ಲಿ, ಅಂದರೆ ಯಂತ್ರಗಳು ಕುಸ್ತಿ ಆಡುವ ಮನೆಯಲ್ಲಿ, ಹಳೆಯ ಕಾಗದಪತ್ರಗಳ ದಫ್ತರ ನೋಡಿಕೊಳ್ಳುತ್ತೇನೆ. ಹಿಂಟಪಾಲು ಎಂಬ ಒಂದು ವ್ಯವಸ್ಥೆ ನಮ್ಮಲ್ಲಿದೆ. ಅದರಲ್ಲಿ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದೆ. ಒಂದು ಕಚೇರಿಗೆ ವರ್ಷಕ್ಕೆ ಒಂದೇ ಕಾಗದ, ಅದೂ ಎರಡು ಹಾಳೆ ಮೀರುವಂತಿಲ್ಲ. ಈ ವರ್ಷದ ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ. ಮೇಲಿನವರನ್ನು ಕೇಳಲಿಲ್ಲ, ಕೇಳಿದ್ದರೆ ಅವರು ಹವಾಮಾನ ಕಚೇರಿಗೆ ಬಿಟ್ಟುಕೊಡು ಎನ್ನುತ್ತಿದ್ದರು.

ಮೊದಲು ನನ್ನ ಸಂಕಟ ಹೇಳಿಬಿಡುತ್ತೇನೆ. ನಮ್ಮ ಕಾಲದ ಕುಸ್ತಿಯಂತ್ರಗಳಿಗೆ ನಿಮ್ಮ ಹಾಗೆ ರಿಮೋಟ್ ಇಲ್ಲ. ಆಡುವವರು ಬಲಗೈಗೆ ಭುಜದವರೆಗೆ ಒಂದು ತೋಳುಚೀಲ ತೊಡುತ್ತಾರೆ. ಯಂತ್ರ ತಿರುಗಿದ್ದು, ತಗುಲಿದ್ದು, ಬಿದ್ದದ್ದು ಎಲ್ಲವೂ ಆ ಕೈಗೆ ತಿಳಿಯುತ್ತದೆ. ಇದನ್ನು ಮೈನಂಟು ಎನ್ನುತ್ತೇವೆ. ಯಂತ್ರಕ್ಕೆ ಮೊಂಡು ಏಟು ಬಿದ್ದರೆ ಆಡುವವರ ಕೈ ಎರಡು ದಿನ ಬಾತುಕೊಳ್ಳುತ್ತದೆ. ಬಿಸಿನೀರಿನ ಶಾಖ ಕೊಟ್ಟರೆ ಇಳಿಯುತ್ತದೆ. ಆದರೆ ಹಲ್ಲಿನ ಅಲಗು ಯಂತ್ರದ ಮೈ ಸೀಳಿದರೆ ಕೈ ಜೋಮು ಹಿಡಿದು ನಿಂತುಬಿಡುತ್ತದೆ. ಕೆಲವರಿಗೆ ಮೂರು ತಿಂಗಳಿಗೆ ಕೈ ಮತ್ತೆ ಸ್ವಾಧೀನಕ್ಕೆ ಬಂತು, ಕೆಲವರಿಗೆ ಬರಲೇ ಇಲ್ಲ. ಅದಕ್ಕಾಗಿಯೇ ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬೆನ್ನು ನಿಯಮ ಬಂತು. ಅಲಗಿಗೆ ಹಲ್ಲು ಇರಕೂಡದು, ಮೊಂಡು ಬೆನ್ನಿನಿಂದಲೇ ಹೊಡೆಯಬೇಕು ಎನ್ನುವುದು ಆ ನಿಯಮ. ಅದರ ಮೊದಲ ಸಾಲಿನಲ್ಲೇ ನಿಮ್ಮ ಹೆಸರಿದೆ. ‘ಕಸ್ತೂರಿ ಪತ್ತಾರ ಅವರು ತಿಳಿದು, ಬೇಕೆಂದೇ, ಬೆನ್ನಿನಿಂದ ಹೊಡೆದಂತೆ’ ಎಂದು ಅದು ಶುರುವಾಗುತ್ತದೆ.

ನನ್ನ ಮಗಳು ಹೊನ್ನಿಗೆ ಇಪ್ಪತ್ತೆರಡು ವರ್ಷ. ಬರುವ ಶನಿವಾರ ಅವಳು ಕಣಕ್ಕೆ ಇಳಿಯುತ್ತಾಳೆ. ಅದಕ್ಕೆ ಮೂರು ದಿನ ಮೊದಲು, ಮೂವತ್ತಾರನೆಯ ತಾರೀಖಿಗೆ, ಕಣಪಂಚರು ಸೇರಿ ಬೆನ್ನು ನಿಯಮ ಇರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನಿಯಮ ಬಿದ್ದರೆ ಅವಳೆದುರು ಬರುವ ಯಂತ್ರಕ್ಕೆ ಹಲ್ಲು ಇರುತ್ತದೆ. ಹಲ್ಲು ಬೇಕೆನ್ನುವವರು ಬಹಳ ಜನ ಇದ್ದಾರೆ. ಮೊಂಡು ಏಟು ನೋಡಿ ನೋಡಿ ಅವರಿಗೆ ಆಕಳಿಕೆ ಬರುತ್ತದಂತೆ. ಈ ತಂಟೆ ಎಬ್ಬಿಸಿದವಳು ಬೇರೆ ಯಾರೂ ಅಲ್ಲ, ನಾನೇ.

ಅದು ಹೇಗೆಂದು ಹೇಳಲು ನಿಮ್ಮ ಕಥೆಯನ್ನು ನಿಮಗೇ ಒಪ್ಪಿಸಬೇಕಾಗಿದೆ. ತಪ್ಪಿದ್ದರೆ ತಿದ್ದಿಕೊಳ್ಳಿ. ನೀವು ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಸುವವರು. ಎದುರಿಗೇ ದಸ್ತಗೀರ್ ನದಾಫ್ ಅವರ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ಮೂವತ್ತು ವರ್ಷ ತಂತಿ ಸುತ್ತಿದ ಕೈ ಅವರದು. ಯಂತ್ರದ ಕುಸ್ತಿಯ ಜಾಹೀರಾತನ್ನು ಪೇಪರಿನಲ್ಲಿ ಮೊದಲು ನೋಡಿದವರು ಅವರೇ, ಹಟ ಹಿಡಿದವರು ನೀವು. ಹಳೆಯ ಲಾರಿಯ ಪಾಟಾ, ಅಂದರೆ ಉಕ್ಕಿನ ಸ್ಪ್ರಿಂಗ್ ಪಟ್ಟಿ, ಕೊಯ್ದು ನೀವು ಅಲಗು ಮಾಡಿದಿರಿ. ಒಂದು ಕಡೆ ಹಲ್ಲು, ಇನ್ನೊಂದು ಕಡೆ ಇಳಿಜಾರಾಗಿ ಉಜ್ಜಿದ ಮೊಂಡು ಬೆನ್ನು. ಆ ಹಲ್ಲುಗಳನ್ನು ಅರದಿಂದ ಉಜ್ಜಲು ಹನ್ನೊಂದು ದಿನ ಹಿಡಿಯಿತು ಎಂದು ನೀವು ಕುಸ್ತಿಗಳ ಲೆಕ್ಕ ಬರೆದಿಟ್ಟ ಪುಸ್ತಕದಲ್ಲಿದೆ. ದಸ್ತಗೀರ್ ಅವರು ಮೋಟಾರ್ ಕಟ್ಟಿಕೊಟ್ಟರು. ಕಣದ ಪಂಜರದ ಹೊರಗೆ ಅಲಗು ತಿರುಗಿಸಬಾರದೆಂಬ ನಿಯಮ ಇದ್ದುದರಿಂದ ಅಲಗು ಕೂರಿಸಿ ತಿರುಗಿಸಿದ್ದು ನೇರ ಮೊದಲ ಕುಸ್ತಿಯಲ್ಲೇ.

ಅಲ್ಲಿ ಅದು ಉಲ್ಟಾ ತಿರುಗಿತು. ಆ ಕುಸ್ತಿಯ ವಿಡಿಯೋ ನಮ್ಮಲ್ಲಿ ಇದೆ, ನಿಮ್ಮಿಬ್ಬರ ದನಿಯೂ ಕೇಳುತ್ತದೆ. ಕೊಲ್ಲಾಪುರದವರ ಯಂತ್ರ ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು ಅಂಗಾತ ಬೀಳುತ್ತದೆ. ಜನ ಸಿಳ್ಳೆ ಹಾಕುತ್ತಾರೆ. ನೀವು ಮಾತ್ರ ಚೀರುತ್ತೀರಿ, “ಅಣ್ಣಾ, ಹಲ್ಲು ಹಿಂದಾಗೇತಿ! ಉಲ್ಟಾ ತಿರಗಾಕತ್ತೈತಿ!” ಅದಕ್ಕೆ ದಸ್ತಗೀರ್ ಅವರು ನಿಂತಲ್ಲೇ ಕುಣಿಯುತ್ತಾ, “ತಿರಗ್ಲಿ ಬಿಡ್ರಿ ಅಕ್ಕಾರ, ಗೆದ್ದೈತಲ್ರೀ!” ಎನ್ನುತ್ತಾರೆ. ಈ ಮಾತುಗಳನ್ನು ಇಷ್ಟು ವರ್ಷ ನಾವು ಯಾರೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಸಿಳ್ಳೆಯ ಗದ್ದಲದಲ್ಲಿ ಹೂತುಹೋಗಿದ್ದವು. ಬೀಸುಕಲ್ಲು ಮೊದಲ ಮೂರು ಕುಸ್ತಿಗಳನ್ನು ಬೆನ್ನಿನಿಂದಲೇ ಗೆದ್ದದ್ದು ನಿಮ್ಮ ದೊಡ್ಡ ಮನಸ್ಸು ಎಂದು ನಮ್ಮ ಮಕ್ಕಳಿಗೆ ಪಾಠ ಹೇಳಿದ್ದೇವೆ. ನಾನೂ ಹೇಳಿದ್ದೇನೆ, ಕಣ್ಣಲ್ಲಿ ನೀರು ತುಂಬಿಕೊಂಡು.

ಎರಡು ತಿಂಗಳ ಹಿಂದೆ ದಸ್ತಗೀರ್ ಅವರ ಅಂಗಡಿಯ ನೋಟ್‌ಬುಕ್ ಹಳೆಯ ರದ್ದಿಯಲ್ಲಿ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ಎಲ್ಲವನ್ನೂ ಬಿಚ್ಚಿಟ್ಟಿದ್ದಾರೆ. ಪಂಪ್‌ಸೆಟ್ ಕಟ್ಟುವವರು ಮೋಟಾರಿನ ಹಿಂದೆ, ಫ್ಯಾನ್ ಇರುವ ಕಡೆ ನಿಂತು ಅದು ತಿರುಗುವ ದಿಕ್ಕು ನೋಡುತ್ತಾರಂತೆ. ಫಿಟ್ಟರುಗಳಾದ ನೀವು ಮುಂದೆ, ಶಾಫ್ಟಿನ ಎದುರು ನಿಂತು ನೋಡುತ್ತೀರಂತೆ. ನೀವು ಬಲಕ್ಕೆ ತಿರುಗಬೇಕು ಎಂದಿರಿ. ಅವರು ತಾವು ನಿಂತ ಕಡೆಯಿಂದ ಬಲಕ್ಕೆ ತಿರುಗುವಂತೆ ಕಟ್ಟಿಕೊಟ್ಟರು. ಮೂವತ್ತು ವರ್ಷದ ಅಭ್ಯಾಸ ಕಣ್ಣು ಕಟ್ಟಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಎರಡು ವೈರ್ ಅದಲುಬದಲು ಮಾಡಿದ್ದರೆ ಸರಿಹೋಗುತ್ತಿತ್ತು. ಆದರೆ ಗೆದ್ದ ಯಂತ್ರಕ್ಕೆ ಕೈ ಹಚ್ಚಬಾರದೆಂದು ನೀವಿಬ್ಬರೂ ಮೂರು ಕುಸ್ತಿಯವರೆಗೆ ಹಾಗೆಯೇ ಬಿಟ್ಟಿರಿ. ದೊಡ್ಡ ಮನಸ್ಸೂ ಇಲ್ಲ, ಎಂಥದೂ ಇಲ್ಲ.

ನಾನು ಅದನ್ನು ಓದಿ, ಒಂದು ಲೋಟ ಅಂಬಲಿ ಕುಡಿದು, ನೇರ ಹಿರಿಯ ಪಂಚರ ಮನೆಗೆ ಹೋಗಿ ನೋಟ್‌ಬುಕ್ ಕೊಟ್ಟೆ. ದಫ್ತರ ಕಾಯುವವಳು ಸಿಕ್ಕ ಕಾಗದ ಮುಚ್ಚಿಟ್ಟರೆ ಆಮೇಲೆ ದಫ್ತರಕ್ಕೆ ಬೀಗ ಯಾಕೆ ಬೇಕು? ಮನೆಗೆ ಬಂದು ಹೇಳಿದಾಗ ಹೊನ್ನಿ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. “ಬಾಯಿ ಮುಚ್ಚಿಕೊಂಡು ಕುಂದ್ರಾಕ ಬರಂಗಿಲ್ಲೇನ ಬೇ ನಿನಗ?” ಎಂದಳು. ಆಮೇಲೆ ಒಂದು ವಾರ ಮಾತಿಲ್ಲ. ನೆರಳುಬೀದಿ ಎಂದರೆ ಬಿಸಿಲಿಗೆ ಉದ್ದಕ್ಕೂ ಚಾವಣಿ ಹಾಕಿದ ಬೀದಿ, ಒಂದೇ ಚಾವಣಿಯ ಕೆಳಗೆ ಇನ್ನೂರು ಮನೆ. ಅಲ್ಲಿ ತಾಯಿ ಮಗಳು ಮಾತು ಬಿಟ್ಟರೆ ಇನ್ನೂರು ಮನೆಗೂ ಗೊತ್ತಾಗುತ್ತದೆ. ಎದುರುಮನೆಯವರು ಎರಡು ಹೊತ್ತು ಸಾರು ಕಳಿಸಿ ವಿಚಾರಿಸಿದರು. ಎಂಟನೆಯ ದಿನ ಹೊನ್ನಿ ತಾನಾಗಿ ಬಂದು, ತೋಳುಚೀಲ ಹೊಲಿಗೆ ಬಿಟ್ಟಿದೆ, ಹಾಕಿಕೊಡು ಎಂದಳು. ಹಾಕಿಕೊಟ್ಟೆ. ಒಂದು ಹೊಲಿಗೆ ಸಾಕಾಗಿದ್ದ ಕಡೆ ಮೂರು ಹಾಕಿದೆ, ಅದನ್ನು ಯಾಕೆ ಮುಚ್ಚಿಡಲಿ.

ಈಗ ಉಳಿದಿರುವುದು ಹನ್ನೊಂದನೆಯ ಕುಸ್ತಿ. ನಿಮ್ಮ ಪುಸ್ತಕದಲ್ಲಿ ಪ್ರತಿ ಕುಸ್ತಿಯ ಮುಂದೆ ‘ಅಲಗು’ ಎಂಬ ಖಾನೆ ಇದೆ. ಮೊದಲ ಮೂರಕ್ಕೆ ಬೆನ್ನು ಎಂದಿದೆ, ಮೂರೂ ಗೆಲುವು. ನಾಲ್ಕಕ್ಕೆ ಮೊದಲು ವೈರ್ ಬದಲಿಸಿದಿರಿ, ಅಲ್ಲಿಂದ ಹತ್ತರವರೆಗೆ ಹಲ್ಲು. ನಾಲ್ಕು ಮತ್ತು ಐದು ಗೆದ್ದಿರಿ. ಐದನೆಯದರಲ್ಲಿ ದಾವಣಗೆರೆಯ ಅಕ್ಕತಂಗಿಯರ ‘ಮುಂಗುಸಿ’ ಯಂತ್ರವನ್ನು ನಿಮ್ಮ ಹಲ್ಲು ಎರಡು ಹೋಳು ಮಾಡಿತು. ಅವರು ಹೋಳುಗಳನ್ನು ಅಕ್ಕಿಚೀಲದಲ್ಲಿ ತುಂಬಿಕೊಂಡು ಬಸ್ ಹತ್ತಿದರು. ಆ ಸಾಲಿನ ಪಕ್ಕ ನೀವು ‘ಗೆಲುವು. ಊಟ ಸೇರಲಿಲ್ಲ’ ಎಂದು ಬರೆದಿದ್ದೀರಿ. ಆರು, ಏಳು, ಎಂಟು ಸಾಲಾಗಿ ಸೋತಿರಿ. ಹಲ್ಲು ಎದುರಾಳಿಯ ತಗಡಿಗೆ ಕಚ್ಚಿಕೊಂಡು ಬಿಡಲಿಲ್ಲ, ಮೋಟಾರ್ ಸುಟ್ಟಿತು. ಮೂರು ಸಲವೂ ದಸ್ತಗೀರ್ ಅವರು ಗೊಣಗದೆ ಮತ್ತೆ ತಂತಿ ಸುತ್ತಿದರು. ಒಂಬತ್ತು, ಹತ್ತು ಮತ್ತೆ ಗೆಲುವು. ಹನ್ನೊಂದನೆಯದು ಕೊನೆಯದು. ಎದುರಿಗೆ ಮತ್ತೆ ಅದೇ ಅಕ್ಕತಂಗಿಯರು, ಹೊಸದಾಗಿ ಕಟ್ಟಿದ ಮುಂಗುಸಿ. ಗೆಲುವು ಎಂದಿದೆ. ಅಲಗಿನ ಖಾನೆ ಖಾಲಿ.

ವಿಡಿಯೋ ಇಲ್ಲ. ಮುಂಗುಸಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಬೀಸುಕಲ್ಲು ನಮ್ಮ ಗಾಜಿನ ಪೆಟ್ಟಿಗೆಯಲ್ಲಿದೆ, ಆದರೆ ಮೋಟಾರಿನ ವೈರುಗಳನ್ನು ಯಾರೋ ಎಂದೋ ಕತ್ತರಿಸಿದ್ದಾರೆ. ಉಳಿದ ಸಾಕ್ಷಿ ದಸ್ತಗೀರ್ ಅವರ ನೋಟ್‌ಬುಕ್ ಒಂದೇ. ಆ ದಿನದ ಬಗ್ಗೆ ಅವರು ಬರೆದಿರುವುದು ಇಷ್ಟು: ‘ಅಕ್ಕಾರು ಎರಡು ವೈರ್ ಕೈಯಾಗ ಹಿಡಕೊಂಡು ಭಾಳ ಹೊತ್ತು ಸುಮ್ನ ಕುಂತಿದ್ರು. ನಾ ಚಹಾ ತರಾಕ ಹೋದೆ. ಬರೂದ್ರಾಗ ಮುಚ್ಚಳ ಹಾಕಿ ಬೋಲ್ಟ್ ಬಿಗದಿದ್ರು. ನಾ ಕೇಳಲಿಲ್ಲ.’ ಇಡೀ ಊರಿನ ನಿಯಮ ಈ ಚಹಾದ ಮೇಲೆ ನಿಂತಿದೆ, ಕಸ್ತೂರಿಯವರೇ. ಪುಣ್ಯಾತ್ಮರು ಐದು ನಿಮಿಷ ತಡೆದು ಹೋಗಿದ್ದರೆ ಏನಾಗುತ್ತಿತ್ತು?

ನೀವು ಅಂದು ತಿಳಿದೇ ಬೆನ್ನು ತಿರುಗಿಸಿದ್ದರೆ ನಿಯಮದ ಮೊದಲ ಸಾಲು ನಿಜವಾಗುತ್ತದೆ, ನಿಯಮ ಉಳಿಯುತ್ತದೆ. ಹಲ್ಲನ್ನೇ ತಿರುಗಿಸಿದ್ದರೆ ಆ ಸಾಲು ಸುಳ್ಳು.

ನಮ್ಮ ದಫ್ತರದಲ್ಲಿ ದಸ್ತಗೀರ್ ಅವರ ಅಂಗಡಿಯ ಒಂದು ತಗಡಿನ ಡಬ್ಬಿ ಇದೆ. ಮೋಟಾರಿಗೆ ಬಳಿಯುವ ವಾರ್ನಿಶ್ ಸುರಿದು ಅದರ ಮುಚ್ಚಳ ಮುಚ್ಚಿದ್ದಾರೆ. ಮೇಲೆ ‘ಅಕ್ಕಾರದು’ ಎಂಬ ಚೀಟಿ. ಒಳಗೆ ಹಳೆಯ ತಂತಿ ಇದ್ದೀತೆಂದು ಇಷ್ಟು ವರ್ಷ ಯಾರೂ ತೆಗೆದಿಲ್ಲ. ಮೂವತ್ತಾರನೆಯ ತಾರೀಖಿಗೆ ಪಂಚರ ಎದುರು ಅದನ್ನು ತೆಗೆಯಲು ನಾನು ಅಪ್ಪಣೆ ಪಡೆದಿದ್ದೇನೆ. ಹಿಂಟಪಾಲಿನವರ ಲೆಕ್ಕದಲ್ಲಿ ಈ ಕಾಗದ ಹನ್ನೊಂದನೆಯ ಕುಸ್ತಿ ಮುಗಿದ ವಾರದಲ್ಲಿ ನಿಮಗೆ ತಲುಪಬೇಕು. ಉತ್ತರ ಕಳಿಸಲು ನಿಮಗೆ ಯಾವ ಯಂತ್ರವೂ ಬೇಡ. ಒಂದು ಚೀಟಿ ಬರೆದು ಆ ಡಬ್ಬಿಯಲ್ಲಿ ಹಾಕಿ, ವಾರ್ನಿಶ್ ಸುರಿಯಲು ಅಣ್ಣನಿಗೆ ಹೇಳಿ. ಹಳೆಯದಾಗುತ್ತಾ ಆಗುತ್ತಾ ಅದು ನಮಗೆ ಬಂದು ಸೇರುತ್ತದೆ.

ಆದರೆ ಇಷ್ಟು ಓದಿ ನಿಮ್ಮ ಮನಸ್ಸು ಕರಗಿದ್ದರೆ ದಯವಿಟ್ಟು ಅದನ್ನು ಪಕ್ಕಕ್ಕಿಡಿ. ಬೆನ್ನಾಗಿದ್ದರೆ ಬೆನ್ನು ಎನ್ನಿ, ಹಲ್ಲಾಗಿದ್ದರೆ ಹಲ್ಲು ಎನ್ನಿ. ನನ್ನ ಮಗಳಿಗಾಗಿ ಸುಳ್ಳು ಬರೆಯಬೇಡಿ. ಹಲ್ಲು ಎಂದಿದ್ದರೂ ಪಂಚರ ಎದುರು ಗಟ್ಟಿಯಾಗಿ ಓದುವವಳು ನಾನೇ. ಓದಿ ಮುಗಿಸಿ, ಅಲ್ಲೇ ನಿಂತು, ಹಾಗಾದರೆ ಆ ಮೊದಲ ಸಾಲು ಹೊಡೆದುಹಾಕಿ, ಅಲ್ಲಿ ನನ್ನ ಹೆಸರು ಬರೆಯಿರಿ, ತಿಳಿದು ಬೇಕೆಂದೇ ಕೇಳುತ್ತಿರುವವಳು ನಾನಿದ್ದೇನೆ ಎನ್ನುತ್ತೇನೆ. ನನ್ನ ಹಿಂದೆ ಇನ್ನೂರು ಮನೆಯವರು ಬರುತ್ತಾರೆ, ಹಲ್ಲು ಬೇಕೆನ್ನುವವರನ್ನು ನಾವು ಒಪ್ಪಿಸುತ್ತೇವೆ, ಅದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮ ಒಬ್ಬರ ಸೆರಗಿನ ಹಿಂದೆ ಇಷ್ಟು ಜನ ಇಷ್ಟು ವರ್ಷ ಅಡಗಿ ನಿಂತದ್ದು ಸಾಕು.

ಶನಿವಾರ ಹೊನ್ನಿ ಬಲಗೈಗೆ ತೋಳುಚೀಲ ತೊಡುತ್ತಾಳೆ. ಅದೇ ಕೈಯಿಂದ ಅವಳು ರೊಟ್ಟಿ ತಟ್ಟುತ್ತಾಳೆ, ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ. ನೀವು ನಿಜ ಬರೆಯಿರಿ.

ಇಂತಿ,
ಚಂಪಕಾ
ದಫ್ತರದವಳು, ಕಣಮನೆ, ಹುಬ್ಬಳ್ಳಿ