ಹನ್ನೊಂದೂವರೆಯ ಪಾಠ

ಪಪ್ಪ,

ಇವತ್ತು ಠಾಣೆಯ ಕಾಲೇಜಿನ ಆಫೀಸಿನಲ್ಲಿ ನಿಮ್ಮಿಂದಾಗಿ ನನಗೆ ಅವಮಾನವಾಯಿತು. ಬಿ.ಎ. ಕೊನೆಯ ವರ್ಷಕ್ಕೆ ಸೈಕಾಲಜಿ ಬೇಕೆಂದು ಫಾರ್ಮ್ ತುಂಬಿ ಕೊಟ್ಟರೆ ಕ್ಲಾರ್ಕ್ ಅದನ್ನು ವಾಪಸ್ಸು ತಳ್ಳಿದ. ಮೊದಲ ವರ್ಷದಿಂದ ಓದಿದವರಿಗಷ್ಟೇ ಕೊಡುತ್ತಾರಂತೆ. "ತಬ್ ಕ್ಯೋಂ ನಹೀ ಲಿಯಾ?" ಆಗಲೇ ಯಾಕೆ ತಗೊಳ್ಳಲಿಲ್ಲ ಎಂದು ಕೇಳಿದ. ಕ್ಯೂನಲ್ಲಿದ್ದವರೆಲ್ಲ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಏನು ಹೇಳಲಿ? ನಮ್ಮ ಪಪ್ಪ ಟೈಮ್‌ಟೇಬಲ್ ನೋಡಿ ವಿಷಯ ಆರಿಸಿದರು ಎನ್ನಲೇ? ಆಗ ಸೈಕಾಲಜಿ ಪಾಠ ಹನ್ನೊಂದೂವರೆಗೆ ಇತ್ತು. ಡೊಂಬಿವಲಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತೇ ನೀವು ಅದರ ಮೇಲೆ ಗೀಟೆಳೆದು, ಬೆಳಗ್ಗೆ ಏಳರ ಇತಿಹಾಸ ಬರೆದಿರಿ. "ಆ ಹೊತ್ತಿಗೆ ಊಟದ ಗಿರಾಕಿ ಶುರುವಾಗ್ತದೆ ನಿಶ್ಮಿತಾ. ನೀನು ಗಲ್ಲಾದಲ್ಲಿ ಕೂತ್ರೆ ನಾನು ಒಳಗೆ ನೋಡ್ಬಹುದು. ಡಿಗ್ರಿ ಯಾವುದಾದ್ರೂ ಡಿಗ್ರಿಯೇ ಅಲ್ವಾ?" ಎಂದಿರಿ. ಸಪ್ಲೈಯರ್‌ಗಳಿಗೆ ಡ್ಯೂಟಿ ಹಂಚಿದ ಹಾಗೆ ಮಗಳ ಓದನ್ನೂ ಹಂಚಿದಿರಿ.

ಆ ಸಿಟ್ಟಿಗೆ ನಾನು ಎರಡು ವರ್ಷ ಬೇಕೆಂದೇ ತಡವಾಗಿ ಹೋಟೆಲಿಗೆ ಬಂದೆ. ಸ್ಟೇಷನ್ನಿನ ಬೆಂಚಿನ ಮೇಲೆ ಹೊತ್ತು ಕಳೆದು, ಟ್ರೈನ್ ಲೇಟ್ ಎಂದು ಸುಳ್ಳು ಹೇಳುತ್ತಿದ್ದೆ. ನೀವು ಗಲ್ಲಾದ ಹಿಂದೆ ಕುಸಿದ ದಿನವೂ ಅದೇ ಸುಳ್ಳು ಹಿಡಿದುಕೊಂಡು ಹೋಟೆಲಿನ ಮೆಟ್ಟಿಲು ಹತ್ತಿದ್ದೆ.

ಈಗ ನೀವಿಲ್ಲ, ಹೋಟೆಲನ್ನು ಬೇರೆಯವರು ನಡೆಸುತ್ತಿದ್ದಾರೆ. ಕ್ಲಾರ್ಕ್ ನನ್ನ ಕೈಗೆ ಇತಿಹಾಸದ ಟೈಮ್‌ಟೇಬಲ್ ಕೊಟ್ಟು ಕಳಿಸಿದ. ನಿಮಗೆ ಬೇಕಾದ ಹಾಗೆಯೇ ಇದೆ, ಎಲ್ಲ ಪಾಠಗಳೂ ಹತ್ತೂವರೆಗೆ ಮುಗಿಯುತ್ತವೆ. ಆಮೇಲೆ ನಾನು ಎಲ್ಲಿಗೆ ಹೋಗಬೇಕು ಎಂಬುದನ್ನೂ ನೀವೇ ಬರೆದುಕೊಡಿ.